ಕಣ್ಣು ಕಟ್ಟಿಕೊಂಡ ಸೂಗವ್ವ

ಕೇಳ್ರಪ್ಪ, ಇದು ನಿನ್ನೆ ಮೊನ್ನೆಯ ಮಾತಲ್ಲ. ನಮ್ಮಜ್ಜಿಗೆ ಅವಳಜ್ಜಿ ಹೇಳಿದ್ದು. ಆಕೆಗೆ ಯಾರು ಹೇಳಿದರೋ ಶಿವನೇ ಬಲ್ಲ. ಬೂದಿಹಾಳ ಅನ್ನೋ ಊರಿನಲ್ಲಿ ಅಯ್ಯಾಳಪ್ಪ ಅಂತ ಹಗ್ಗ ಹೊಸೆಯುವವನೊಬ್ಬ ಇದ್ದನಂತೆ. ಸಣ್ಣವನಿದ್ದಾಗ ಸಿಡುಬೆದ್ದು ಎರಡೂ ಕಣ್ಣು ಹೋಗಿದ್ದವು. ಅವನ ಹೆಂಡತಿ ಸೂಗವ್ವ. ಅವನು ಪುಂಡಿ ನಾರಿನ ಹಗ್ಗ ಹೊಸೆಯಬೇಕು, ಆಕೆ ಹೊರೆ ಹೊತ್ತು ಗಂಡನ ಕೈ ಹಿಡಿದು ನಡೆಸಬೇಕು. ಸೋಮವಾರ ಗುಡ್ಡದಾಚೆಯ ಸಂತೆ, ಗುರುವಾರ ತಮ್ಮೂರ ಸಂತೆ, ಶನಿವಾರ ಹೊಳೆದಂಡೆಯ ಸಂತೆ. ಹಾಗೆ ದಿನ ಹೋಗುತ್ತಿದ್ದವಂತೆ.

ಒಂದು ವರ್ಷ ಆ ಸೀಮೆಗೆ ಎಲ್ಲ ರೋಗಕ್ಕೂ ಮದ್ದು ಅಂತ ಎಣ್ಣೆ ಮಾರುವವನೊಬ್ಬ ಬಂದ. ಬಿಳಿ ಪಂಚೆ, ಹಣೆ ತುಂಬ ವಿಭೂತಿ, ಮುಂದೆ ಸಾಲಾಗಿ ಮಣ್ಣಿನ ಕುಡಿಕೆಗಳು. ಔಷಧಿಗೆ ಹಣ ಮುಟ್ಟಿದರೆ ಪಾಪ ಅನ್ನುತ್ತಿದ್ದನಂತೆ. ಹಟ್ಟಿಯಲ್ಲಿರೋ ಒಂದು ಜೀವ ದಾನ ಕೊಟ್ಟರೆ ಸಾಕು, ಆಡಾದರೂ ಸರಿ, ಎಮ್ಮೆಯಾದರೂ ಸರಿ. ಯಾವ ಸಂತೆಗೆ ಹೋದರೂ ಅವನ ಹತ್ತಿರ ಮೂರೇ ಕುಡಿಕೆ ಉಳಿದಿರುತ್ತಿದ್ದವಂತೆ. ಇನ್ನೊಂದು ಮಾತು ಮರೆಯದೆ ಹೇಳುತ್ತಿದ್ದ: ಅನುಮಾನ ಪಟ್ಟವರ ಮನೆಯಲ್ಲಿ ಈ ಎಣ್ಣೆ ನೀರಾಗಿಬಿಡುತ್ತದೆ.

ಗುರುವಾರದ ಸಂತೆಯಲ್ಲಿ ಬಿಳಿ ಗಡ್ಡದ ಕುರುಡ ಮುದುಕನೊಬ್ಬ ತಡವರಿಸುತ್ತ ಬಂದ. ಎಣ್ಣೆಯವನು ಅವನ ರೆಪ್ಪೆಗೆ ಎರಡು ಹನಿ ಸವರಿದ. ಮುದುಕ ಕಣ್ಣು ಪಿಳಿಪಿಳಿ ಬಿಟ್ಟು, "ಸಾಯೋ ಕಾಲಕ್ಕ ಸೂರ್ಯನ್ನ ತೋರಿಸಿದ್ಯಲ್ಲೋ ಸ್ವಾಮಿ!" ಅಂತ ಕೂಗಿ ನೆಲಕ್ಕೆ ಬಿದ್ದ. ಸೂಗವ್ವ ಗಂಡನ ಮುಖ ನೋಡಿದಳು. ಇದ್ದೊಂದು ಎಮ್ಮೆ ಹೋದರೆ ಹೋಗಲಿ ಅಂತ ಆಕೆ ಅಲ್ಲೇ ನಿಶ್ಚಯ ಮಾಡಿದಳಂತೆ.

ಮನೆಗೆ ಬಂದ ಮೇಲೆ ಅಯ್ಯಾಳಪ್ಪ ಮೆಲ್ಲಗೆ ಹೇಳಿದ, ಆ ದನಿ ನಾನು ಸೋಮವಾರದ ಸಂತೆಯಲ್ಲೂ ಕೇಳಿದ್ದೆ, ಎಣ್ಣೆ ಹಚ್ಚಿಸಿಕೊಂಡು ಊರುಗೋಲು ಬಿಸಾಡಿ ಕುಣಿದನಲ್ಲ ಆ ಕುಂಟನದೇ ದನಿ, ಹಲ್ಲುಸಂದಿಯಿಂದ ಸಣ್ಣಗೆ ಸೀಟಿ ಬರುತ್ತದೆ ಅಂತ. ಸೂಗವ್ವ ಒಪ್ಪಲಿಲ್ಲ. ಕುಂಟ ಕರಿ ಮೀಸೆಯ ಹರೆಯದವನು, ಇವನು ಹಣ್ಣು ಮುದುಕ, ಇಬ್ಬರನ್ನೂ ಕಣ್ಣಾರೆ ಕಂಡವಳು ನಾನು ಅಂದಳು. ಮಾತಿಗೆ ಮಾತು ಬೆಳೆಯಿತು.

"ನನ್ನ ಮುಖ ನೋಡೋದು ಬ್ಯಾಡಾಗೈತೇನು ನಿನಗ? ನಿನ್ನ ಅನುಮಾನಕ್ಕ ಔಷಧೀನೂ ಕೆಟ್ಟು ಹೋಗ್ತೈತಿ!"

ಅಯ್ಯಾಳಪ್ಪ ಕೈಯಲ್ಲಿದ್ದ ನಾರು ಕೆಳಗಿಟ್ಟನಂತೆ. ಆಮೇಲೆ, "ಎಮ್ಮೆ ಹೊಡಕೊಂಡು ಹೋಗು, ನಾ ಬ್ಯಾಡ ಅನ್ನಂಗಿಲ್ಲ. ಕೊಡೋಕಿಂತ ಮೊದಲು ಒಂದೀಟು ಹೊತ್ತು ಕಣ್ಣು ಕಟ್ಟಿಕೊಂಡು ನಿಂದ್ರು. ಅಷ್ಟೇ ಕೇಳ್ತೀನಿ" ಅಂದ.

ಶನಿವಾರ ಹೊಳೆದಂಡೆಯ ಸಂತೆಯಲ್ಲಿ ಸೂಗವ್ವ ಒಂದು ಕೈಲಿ ಎಮ್ಮೆಯ ಹಗ್ಗ ಹಿಡಿದು, ಸೆರಗು ಹರಿದು ಕಣ್ಣಿಗೆ ಕಟ್ಟಿಕೊಂಡು ನಿಂತಳಂತೆ. ಮೊದಲು ಬರೀ ಗದ್ದಲ. ನಾಚಿಕೆಯೂ ಆಯಿತು, ಗಂಡನ ಮೇಲೆ ಸಿಟ್ಟೂ ಬಂತು. ಆಮೇಲೆ ಗದ್ದಲ ಬೇರೆ, ದನಿಗಳು ಬೇರೆ ಆದವು. ಎಣ್ಣೆಯವನು ಮೂರೇ ಕುಡಿಕೆ ಅಂದ. ಯಾರೋ ಒಬ್ಬ ಮುಂದೆ ಬಂದು, ಏಳು ವರ್ಷದಿಂದ ಅನ್ನ ಗಂಟಲಲ್ಲಿ ಇಳಿದಿರಲಿಲ್ಲ ಅಂತ ಅತ್ತ.

"ಸತ್ತು ಹೋಗ್ತಿದ್ದೆ, ಸ್ವಾಮಿ! ಸಂಕಟ ಸರದು ಹೋತು!"

ಸೀಟಿ! ಸಣ್ಣದು, ಆದರೆ ಸೀಟಿಯೇ. ಸೂಗವ್ವನಿಗೆ ಮೊದಲು ಸಿಟ್ಟು ಬರಲಿಲ್ಲವಂತೆ. ಹಾಗಾದರೆ ಗಂಡನಿಗೆ ಕಣ್ಣು ಬರೋದಿಲ್ಲ ಅನ್ನೋದೊಂದೇ ಮನಸ್ಸಿಗೆ ಬಂತಂತೆ. ಆಮೇಲೆ ಕಟ್ಟು ಬಿಚ್ಚದೆಯೇ ದನಿಯ ಕಡೆಗೆ ನಡೆದಳು. ಜನ ದಾರಿ ಬಿಟ್ಟರು. ಕೈ ಚಾಚಿ ಅವನ ರಟ್ಟೆ ಹಿಡಿದಳು.

"ಸೋಮವಾರ ಕುಂಟ ಆಗಿದ್ದಿ, ಮೊನ್ನೆ ಕುರುಡ. ನಾಳೆ ಯಾವ ರೋಗ ಮಾವ?"

ಎಣ್ಣೆಯವನು, ಈ ಹೆಂಗಸು ಅನುಮಾನದವಳು, ಎಣ್ಣೆಯೆಲ್ಲ ನೀರಾಯಿತು ಅಂತ ಬೊಬ್ಬೆ ಹಾಕಿದ. ಆದರೆ ಮೂರೂ ಸಂತೆ ತಿರುಗುವ ಬಳೆಗಾರರು, ಉಪ್ಪು ಮಾರುವವರು ಅಲ್ಲಿ ಇದ್ದರಲ್ಲ, ಅವರೂ ಕಣ್ಣು ಮುಚ್ಚಿಕೊಂಡು ಇನ್ನೊಮ್ಮೆ ಮಾತಾಡು ಅಂದರಂತೆ. ಸೀಟಿ ದನಿಯವನು ಬಾಯಿ ಬಿಡಲಿಲ್ಲ. ಯಾರೋ ಅವನ ಜೋಳಿಗೆ ಸುರಿದರು. ಬಿಳಿ ಗಡ್ಡ ಬಿತ್ತು, ಮೀಸೆ ಬಿತ್ತು. ಕುಡಿಕೆಯಲ್ಲಿದ್ದದ್ದು ಅರಿಶಿನ ಕಲಸಿದ ಹರಳೆಣ್ಣೆ.

ಇಬ್ಬರನ್ನೂ ಹೊಳೆಗೆ ದೂಡಿದರು ಅಂತ ಕೆಲವರು ಹೇಳುತ್ತಾರೆ. ಇಲ್ಲ, ಅವರೇ ಈಜಿ ಓಡಿಹೋದರು ಅಂತ ಕೆಲವರು. ಕಟ್ಟಿಹಾಕಿದ್ದ ಆಡುಗಳು ಅವರವರ ಮನೆಗೆ ಹೋದವು. ಅದಾಗಲೇ ಹೊಳೆ ದಾಟಿಹೋಗಿದ್ದ ಜೀವಗಳು ತಿರುಗಿ ಬರಲೇ ಇಲ್ಲವಂತೆ.

ಸೂಗವ್ವ ಎಮ್ಮೆ ಹೊಡೆದುಕೊಂಡು ಮನೆಗೆ ಬಂದು ಗಂಡನ ಪಕ್ಕ ಕೂತಳು. ನೀ ಹೇಳಿದ್ದೇ ಖರೆ ಅಂದಳು. ಅಯ್ಯಾಳಪ್ಪ ಹೊಸೆಯೋ ಕೈ ನಿಲ್ಲಿಸಿ ಹೇಳಿದನಂತೆ: "ಕಣ್ಣು ಬಂತು ಅಂತ ಅಂವ ಕೂಗಿದಾಗ ಆ ದನಿ ನನಗ ಗುರುತು ಹತ್ತದಿದ್ರ ಚಲೋ ಇತ್ತು ಅನಿಸಿತ್ತು." ಆಗ ಸೂಗವ್ವ ಅತ್ತಳಂತೆ.

ಈಗಲೂ ಬೂದಿಹಾಳದ ಸಂತೆಗೆ ಹೊಸ ವ್ಯಾಪಾರಿ ಬಂದು ಬಟ್ಟೆ ಹಾಸಿ ಸರಕು ಹೊಗಳೋಕೆ ಶುರು ಮಾಡಿದರೆ, ಮುದುಕಿಯರು ಸೆರಗನ್ನು ಕಣ್ಣ ಮೇಲೆ ಎಳೆದುಕೊಂಡು ಸುಮ್ಮನೆ ನಿಲ್ಲುತ್ತಾರೆ. ಮಾತೆಲ್ಲ ಮುಗಿಯೋವರೆಗೆ ಸೆರಗು ಎತ್ತುವುದಿಲ್ಲ. ಈ ಊರ ಹೆಂಗಸರಿಗೆ ನಾಚಿಕೆ ಜಾಸ್ತಿ ಅಂದುಕೊಳ್ಳುತ್ತಾನೆ ಆ ವ್ಯಾಪಾರಿ.