ಒಳಗಿದ್ದವರ ಅಲೆ

ಊಹಿಸಿ ನೋಡೋಣ, ಏನಾಗಿದ್ದೀತು? ಅಲೆಯ ಮೇಲೆ ಹಲಗೆಯಲ್ಲಿ ನಿಂತು ಸಾಗುವ ವಿದ್ಯೆ ಕಲಿತ ಒಬ್ಬ ಶಿಷ್ಯ, ಜನ್ಮಕ್ಕೊಮ್ಮೆ ಸಿಗುವಂಥ ಅಲೆ ಏರಿ ಬಂದ. ಗುರುಗಳು ಒಂದೇ ಒಂದು ಪ್ರಶ್ನೆ ಕೇಳಿದರು. ಸರಿಯುತ್ತರ ಕೊಡಲು ಅವನಿಗೆ ಒಂಬತ್ತು ವರ್ಷ ಹಿಡಿಯಿತು.

ಬಹಳ ಕಠಿಣವಾದ ವೇದಾಂತದ ಪ್ರಶ್ನೆ ಅಂತೀರಾ? ಅಯ್ಯೋ, ಅಲ್ಲವೇ ಅಲ್ಲ. “ಅಲೆ ಹೇಗಿತ್ತು?” ಅಷ್ಟೇ.

ಗುರು ದೂಮಣ್ಣ ಕುಂದರ್. ಮೀನುಗಾರರ ಮನೆಯವರು. ಕಡಲ ದಂಡೆಯಲ್ಲಿ ತೆಂಗಿನ ಗರಿ ಹೊದಿಸಿದ ಒಂದು ಚಪ್ಪರ. ಅದೇ ಅವರ ಆಶ್ರಮ. ಶಿಷ್ಯ ಶೈಲೇಶ. ಅವನ ಸಮಕ್ಕೆ ನಿಲ್ಲುವವರು ಆ ಕರಾವಳಿಯಲ್ಲಿ ಇರಲಿಲ್ಲ, ಮತ್ತು ಅದು ಅವನಿಗೂ ಗೊತ್ತಿತ್ತು.

ಚಪ್ಪರದ ಮಾಡಿಗೆ ಗುರುಗಳ ಉದ್ದನೆಯ ಹಳೇ ಹಲಗೆ ತೂಗುತ್ತಿತ್ತು. ಅದು ಯಾರ ಕೈಗೆ ಬರುತ್ತದೋ ಅವನು ಮುಂದೆ ಗುರು.

ಅಲ್ಲಿ ಮೊದಲ ದಿನದ ಪಾಠ ಒಂದೇ.

“ಅಲೆ ಮೊದಲು ಒಡೆಯುವ ಜಾಗಕ್ಕೆ ಹತ್ತಿರ ಇರುವವ ಒಳಗಿನವ. ಅಲೆ ಅವನದ್ದು. ಹೊರಗಿನವ ತಿರುಗಿ ನೋಡಬೇಕು. ಒಳಗೆ ಜನ ಉಂಟಾ? ಬಿಟ್ಟುಬಿಡಬೇಕು.”

ಒಂದು ವರ್ಷ ಆ ಹಲಗೆಯನ್ನೇ ಇಳಿಸಿಕೊಂಡು ಗುರುಶಿಷ್ಯರಿಬ್ಬರೂ ದೂರದ ದ್ವೀಪಕ್ಕೆ ಹೋದರು. ದೋಣಿಯಲ್ಲಿ ಎರಡು ಹಗಲಿನ ದಾರಿ. ನೀರಿನಡಿ ಹವಳದ ದಿಬ್ಬ. ಅದರ ಮೇಲೆ ಮೊಣಕಾಲುದ್ದ ನೀರು. ಅಲ್ಲಿ ಎದ್ದ ಅಲೆ ಗೋಡೆಯಂತೆ ನಿಂತು, ಸುರುಳಿ ಸುತ್ತಿ ಓಡುತ್ತದೆ.

“ಇಪ್ಪತ್ತು ವರ್ಷದಿಂದ ಈ ಜಾಗದ ಕನಸು ಮಾರಾಯ,” ಎಂದರು ದೂಮಣ್ಣ. ಆಗ ಅವರಿಗೆ ಅರವತ್ತೊಂದು.

ಬೆಳಗಿನಿಂದ ಕಾದರು. ಮಧ್ಯಾಹ್ನದ ಹೊತ್ತಿಗೆ ಆ ಅಲೆ ಬಂತು. ಶೈಲೇಶ ಏರಿದ. ಕೊನೆಯ ತನಕ ಹೋದ.

ದೋಣಿಗೆ ಮರಳಿ ಕಾಯುತ್ತ ಕುಳಿತ. ಗುರುಗಳು ತಡವಾಗಿ ಬಂದರು. ಮೊಣಕಾಲಿನಿಂದ ರಕ್ತ.

“ಏನಾಯ್ತು ಗುರುಗಳೇ?”

“ಎಂತ ಆಗಲಿಕ್ಕುಂಟು? ಪ್ರಾಯ ಆಯ್ತು. ಅದಿರಲಿ, ಅಲೆ ಹೇಗಿತ್ತು?”

ಶೈಲೇಶ ಹೇಳಿದ. ಎತ್ತರ ಹೇಳಿದ, ವೇಗ ಹೇಳಿದ, ಸುರುಳಿಯ ಒಳಗಿನ ಹಸಿರು ಬೆಳಕು ಹೇಳಿದ. ಗುರುಗಳು ತಲೆಯಾಡಿಸಿದರು. ದೋಣಿಯವನು ಮಾತ್ರ ಶೈಲೇಶನ ಮುಖ ನೋಡಲಿಲ್ಲ.

ಊರಿಗೆ ಬಂದ ಮೇಲೆ ದೂಮಣ್ಣ ಹಲಗೆಯನ್ನು ಮತ್ತೆ ಮಾಡಿಗೆ ತೂಗುಹಾಕಿ, ದಡದಲ್ಲೇ ನಿಂತು, ಸೀಟಿ ಊದಿ ಕಲಿಸತೊಡಗಿದರು. ನಡೆಯುವಾಗ ಒಂದು ಕಾಲು ಎಳೆಯುತ್ತಿದ್ದರು. ಪ್ರಾಯ, ಎಂದರು ಎಲ್ಲರೂ. ಶೈಲೇಶನೂ ಅಂದ.

ಮರುವರ್ಷ ಅವನು ಕೇಳಿದ. “ಗುರುಗಳೇ, ಆ ಹಲಗೆ?”

“ದ್ವೀಪದ ಅಲೆ ಹೇಗಿತ್ತು?”

ಅವನು ಇನ್ನಷ್ಟು ಚೆನ್ನಾಗಿ ವರ್ಣಿಸಿದ.

“ಇನ್ನೊಂದು ವರ್ಷ ಇರು.”

ಹೀಗೆ ಎಂಟು ವರ್ಷ. ವರ್ಷ ವರ್ಷವೂ ವರ್ಣನೆ ಬೆಳೆಯಿತು. ಅಲೆಯೂ ಒಂದೊಂದು ಅಡಿ ಎತ್ತರವಾಯಿತು ಅನ್ನಿ!

ಒಂಬತ್ತನೆಯ ವರ್ಷ ವಿನಯಾ ಎಂಬ ನರ್ಸ್ ಕಲಿಯಲು ಬಂದಳು. ಒಂದು ಬೆಳಿಗ್ಗೆ ಅವಳ ಕೈಗೆ ಒಳ್ಳೆಯ ಅಲೆಯೊಂದು ಸಿಕ್ಕೇಬಿಟ್ಟಿತ್ತು. ತಿರುಗಿ ನೋಡಿದಳು, ಬಿಟ್ಟುಬಿಟ್ಟಳು. ಅವಳಿಗಿಂತ ಒಳಗೆ ಇದ್ದ, ದಿನಾ ಬೀಳುವ ದಢೂತಿ ಮೇಷ್ಟ್ರೊಬ್ಬರು ಅದೇ ಅಲೆ ಏರಿ, ದಬಕ್ಕನೆ ಬಿದ್ದರು.

ಶೈಲೇಶ ರೇಗಿದ. “ಅಲೆ ಹಾಳು ಮಾಡಿದೆಯಲ್ಲ!”

“ಮೇಷ್ಟ್ರು ಒಳಗಿದ್ದರಲ್ಲ ಅಣ್ಣ.”

“ಅವರು ಹೇಗೂ ಬೀಳುವವರೇ.”

“ಬೀಳಲಿ. ಅವರ ಅಲೆ. ಬೀಳುವುದೂ ಅವರದ್ದೇ ಅಲ್ವಾ?”

ಶೈಲೇಶ ಹಲಗೆಯನ್ನು ದಡದ ಕಡೆಗೆ ತಿರುಗಿಸಿದ. ನೀರಿನಿಂದೆದ್ದು ನೇರ ಚಪ್ಪರಕ್ಕೆ ಬಂದ. ಗುರುಗಳು ಕಾಲಿಗೆ ಎಣ್ಣೆ ತಿಕ್ಕುತ್ತಿದ್ದರು.

“ಈ ವರ್ಷ ಬೇಗ ಬಂದೆಯಲ್ಲ. ಅಲೆ ಹೇಗಿತ್ತು?”

“ನನಗೆ ಗೊತ್ತಿಲ್ಲ ಗುರುಗಳೇ. ಅದು ನನ್ನ ಅಲೆ ಅಲ್ಲ.”

ಎಣ್ಣೆ ತಿಕ್ಕುತ್ತಿದ್ದ ಕೈ ನಿಂತಿತು.

“ನೀವು ಒಳಗಿದ್ದಿರಿ. ನಾನು ತಿರುಗಿ ನೋಡಿದ್ದೆ. ನೀವು ಹಲಗೆಯ ಮೇಲೆ ಎದ್ದು ನಿಂತದ್ದು ಕಂಡಿತ್ತು. ಈ ಪ್ರಾಯದಲ್ಲಿ ಇವರಿಂದ ಆಗಲಿಕ್ಕಿಲ್ಲ, ಅಂಥ ಅಲೆ ಹಾಳಾಗಬಾರದು ಅಂದುಕೊಂಡೆ. ನಿಮ್ಮ ದಾರಿಗೆ ಅಡ್ಡ ಬಂದೆ. ನನಗೆ ಬಡಿಯಬಾರದೆಂದು ನೀವು ಹಲಗೆಯನ್ನು ಹವಳದ ಕಡೆಗೆ ತಿರುಗಿಸಿದಿರಿ.”

ಗುರುಗಳು ಮಾಡಿನ ಕಡೆ ಕೈ ತೋರಿದರು.

“ಹಲಗೆ ಇಳಿಸು.”

“ನನಗೆ ಬೇಡ ಗುರುಗಳೇ.”

“ಬೇಡ ಎಂತ? ಒಂಬತ್ತು ವರ್ಷ ಅದಕ್ಕೆ ತಲೆ ತಾಗಿಸಿಕೊಂಡು ಓಡಾಡಿದ್ದೇನೆ. ತೆಗೆದುಕೊಂಡು ಹೋಗು.”

ಅವನು ಇಳಿಸಿದ. ಧೂಳು ಒರೆಸಿ ಮಗುಚಿದ. ತಳದಲ್ಲಿ ಈ ತುದಿಯಿಂದ ಆ ತುದಿಗೆ ಹವಳ ಗೀರಿದ ಗಾಯ. ತೇಪೆ ಹಾಕಿರಲಿಲ್ಲ.

ಶೈಲೇಶ ಆ ಗೀರಿನ ಮೇಲೆ ಕೈಯಿಟ್ಟು ಕುಳಿತ. ಕೊನೆಗೆ ಕೇಳಿದ.

“ಆಮೇಲೆ ನೀವು ಒಂದೂ ಅಲೆ ಏರಲಿಲ್ಲವೇ?”

ದೂಮಣ್ಣ ಎಣ್ಣೆಯ ಬಟ್ಟಲು ಬದಿಗಿಟ್ಟರು.

“ಕೊನೆಯದಾಗಿ ಏರಿ ದಡ ಮುಟ್ಟಿದ್ದು ಯಾವಾಗಲೋ ನೆನಪಿಲ್ಲ ಮಗಾ. ಆ ದ್ವೀಪದಲ್ಲಿ ಎದ್ದು ನಿಂತದ್ದು ಮಾತ್ರ ನೆನಪುಂಟು: ಎರಡು ಸಾವಿರದ ಹನ್ನೊಂದು, ಏಪ್ರಿಲ್ ಹನ್ನೆರಡು, ಮಂಗಳವಾರ.”