ಊಟಕ್ಕೆ ಮುಂಚಿನ ಬೆಲ್ಲ

ಶಿಷ್ಯ ಕೇಳಿದ: "ಗುರುಗಳೇ, ತಿಳಿಯದೆ ಮಾಡಿದ ಕೆಡುಕಿಗೂ ಪಾಪ ಅಂಟುತ್ತದೆಯೇ?"

"ಈ ಪ್ರಶ್ನೆಗೆ ನನ್ನ ಹತ್ತಿರ ಶ್ಲೋಕವಿಲ್ಲ ಕಣಯ್ಯ. ಒಂದು ಕತೆಯಿದೆ. ಕೇಳಿದ ಮೇಲೆ ಯಾಕಾದರೂ ಕೇಳಿದೆನೋ ಎನ್ನಬೇಡ" ಎಂದು ಗುರುಗಳು ಶುರು ಮಾಡಿದರು.

ಒಂದು ಊರ ಹೊರಗೆ ಸೀಸದ ಭಟ್ಟಿಯಿತ್ತು. ಹಳೆಯ ಬ್ಯಾಟರಿ ಒಡೆಯುವುದು, ಒಳಗಿನ ಸೀಸ ತೆಗೆದು ಕರಗಿಸುವುದು, ಅಚ್ಚಿಗೆ ಹೊಯ್ಯುವುದು, ಇಷ್ಟೇ ಅಲ್ಲಿಯ ಕೆಲಸ. ಅಲ್ಲೊಬ್ಬ ಮೇಸ್ತ್ರಿ. ಹೆಸರು ಬೇಕೇ? ದುರ್ಗಪ್ಪ. ಇಪ್ಪತ್ತು ವರ್ಷ ಆ ಬೆಂಕಿಯ ಮುಂದೆ ನಿಂತವನು. ಬಾಯಿ ಒರಟು, ಕರುಳು ಮೆತ್ತಗೆ. ಅವನ ಕೈಕೆಳಗೆ ಹನ್ನೆರಡು ಜನ, ಅವರಲ್ಲೊಬ್ಬ ಒಡಹುಟ್ಟಿದ ತಮ್ಮ ಭರಮಪ್ಪ. ತಂದೆ ಸತ್ತ ಮೇಲೆ ತಮ್ಮನನ್ನು ಸಾಕಿದವನು ಅಣ್ಣ, ಮದುವೆ ಮಾಡಿಸಿದವನು ಅಣ್ಣ, ಭಟ್ಟಿಯ ಕೆಲಸಕ್ಕೆ ಕರೆತಂದವನೂ ಅಣ್ಣನೇ.

ಆ ಭಟ್ಟಿಯಲ್ಲಿ ಒಂದು ಪದ್ಧತಿಯಿತ್ತು. ಊಟದ ಗಂಟೆ ಬಾರಿಸಿದೊಡನೆ ಎಲ್ಲರೂ ಸಾಲಾಗಿ ನಿಂತು ಕೈ ಒಡ್ಡಬೇಕು. ಮೇಸ್ತ್ರಿ ಬೆಲ್ಲದ ಪೆಂಟೆ ಒಡೆದು ಒಬ್ಬೊಬ್ಬರಿಗೆ ಒಂದೊಂದು ತುಂಡು ಕೊಡಬೇಕು. ಬೆಲ್ಲ ಗಂಟಲಿನ ಧೂಳನ್ನೆಲ್ಲ ಹಿಡಿದು ಕೆಳಗಿಳಿಸುತ್ತದೆ, ಸೀಸವನ್ನು ಮೈಗೆ ಹತ್ತಗೊಡುವುದಿಲ್ಲ ಎಂದು ಅವರ ನಂಬಿಕೆ. ಬೆಲ್ಲ ಮೊದಲು, ಕೈ ತೊಳೆಯುವುದು ಆಮೇಲೆ. ನೀರು ಮುಟ್ಟಿದರೆ ಬೆಲ್ಲದ ಗುಣ ಕೆಡುತ್ತದಂತೆ! ಯಾರು ಹೇಳಿದರೋ, ಯಾವ ಕಾಲಕ್ಕೆ ಹೇಳಿದರೋ. ಬೆಲ್ಲ ಕಳಿಸುತ್ತಿದ್ದ ಧಣಿಯೂ ಅದು ಸುಳ್ಳೆನ್ನಲಿಲ್ಲ. ಅವನಿಗೇನು, ಕೊಳಾಯಿ ಹಾಕಿಸುವುದಕ್ಕಿಂತ ಬೆಲ್ಲ ಅಗ್ಗ.

ದುರ್ಗಪ್ಪನಿಗೆ ಬೆಲ್ಲ ಹಂಚುವುದೆಂದರೆ ವ್ರತವಿದ್ದಂತೆ. ಪ್ರತಿಯೊಬ್ಬನೂ ತಿಂದು ಮುಗಿಸುವವರೆಗೆ ಎದುರಿಗೇ ನಿಲ್ಲುತ್ತಿದ್ದ. "ನುಂಗೋ ಮಾರಾಯ, ನಾಳೆ ನಿನ್ನ ಹೆಂಡತಿ ಬಂದು ನನ್ನ ಜುಟ್ಟು ಹಿಡಿಯಬಾರದು" ಎಂದು ಗದರುತ್ತಿದ್ದ. ತಮ್ಮನಿಗೆ ಮಾತ್ರ ಯಾರೂ ನೋಡದ ಹಾಗೆ ಇನ್ನೊಂದು ತುಂಡು ಕೊಡುತ್ತಿದ್ದ. ಕರುಳು ಕೇಳಬೇಕಲ್ಲ.

ಭರಮಪ್ಪ ಭಟ್ಟಿಗೆ ಸೇರಿದ ಏಳನೆಯ ವರ್ಷ ಅವನ ಮುಖ ಬೆಳಗಿನ ಹೊತ್ತು ಊದಿಕೊಳ್ಳತೊಡಗಿತು. ಆಮೇಲೆ ಪಾದ ಊದಿತು. ಏನು ತಿಂದರೂ ಕಬ್ಬಿಣ ನೆಕ್ಕಿದ ರುಚಿ. ಹತ್ತು ಹೆಜ್ಜೆ ನಡೆದರೆ ಉಸ್ಸಪ್ಪಾ ಎಂದು ಕೂತುಬಿಡುತ್ತಿದ್ದ. ನೋವು ಮಾತ್ರ ಎಲ್ಲೂ ಇಲ್ಲ. ನೋವೇ ಇಲ್ಲದ ಮೇಲೆ ದೊಡ್ಡ ರೋಗವೆಲ್ಲಿಂದ ಬರಬೇಕು? ಮೈಗೆ ಸೀಸ ತುಸು ಹತ್ತಿರಬೇಕು ಎಂದುಕೊಂಡ ಅಣ್ಣ, ಎರಡು ತುಂಡನ್ನು ಮೂರು ಮಾಡಿದ. ಅಯ್ಯೋ, ಅವನ ಪ್ರೀತಿಯೇ!

ಒಂದು ಮಧ್ಯಾಹ್ನ ಭರಮಪ್ಪ ಭಟ್ಟಿಯ ಮುಂದೆಯೇ ಕುಸಿದುಬಿದ್ದ. ಆಸ್ಪತ್ರೆಗೆ ಹೊತ್ತೊಯ್ದರು. ಎರಡೂ ಮೂತ್ರಪಿಂಡ ಸುಕ್ಕಿಹೋಗಿವೆ ಎಂದರು ಡಾಕ್ಟರಮ್ಮ. ದುರ್ಗಪ್ಪ ಹಿಂದೆಮುಂದೆ ನೋಡದೆ, ನನ್ನದೊಂದನ್ನು ತೆಗೆದು ಅವನಿಗೆ ಹಾಕಿ ಎಂದ. ಅವನನ್ನೂ ಪರೀಕ್ಷೆ ಮಾಡಿದರು. ಎರಡು ದಿನದ ಮೇಲೆ ಕರೆದು ಕೂರಿಸಿದರು.

"ನಿಮ್ಮವೂ ಅರ್ಧಕ್ಕರ್ಧ ಹಾಳಾಗಿವೆ. ಕೊಡುವ ಹಾಗಿಲ್ಲ."

"ನನಗೆ ಒಂದು ದಿನವೂ ನೋವು ಬಂದಿಲ್ಲವಲ್ಲ ತಾಯಿ!"

"ಬರುವುದಿಲ್ಲ. ಮುಕ್ಕಾಲು ಪಾಲು ಸಾಯುವವರೆಗೂ ಅವು ಬಾಯಿ ಬಿಡುವುದಿಲ್ಲ, ದುಡಿಯುತ್ತಲೇ ಇರುತ್ತವೆ. ಭಟ್ಟಿಯಲ್ಲಿ ಕೈ ತೊಳೆಯದೆ ಏನಾದರೂ ತಿನ್ನುತ್ತೀರಾ?"

ದುರ್ಗಪ್ಪ ಬೆಲ್ಲದ ವಿಷಯ ಹೇಳಿದ. ಒಂದು ದಿನವೂ ತಪ್ಪಿಸಿಲ್ಲ ಎಂದೂ ಸೇರಿಸಿದ. ಡಾಕ್ಟರಮ್ಮ ಪೆನ್ನು ಕೆಳಗಿಟ್ಟು ನಿಧಾನವಾಗಿ ತಿಳಿಸಿದರು. ಬೆಲ್ಲ ಸೀಸವನ್ನು ಇಳಿಸುವುದಿಲ್ಲ. ಕೈಯಲ್ಲಿರುವ ಸೀಸದ ಪುಡಿ ಬೆಲ್ಲದ ಜಿಗುಟಿಗೆ ಅಂಟಿ ನೆಟ್ಟಗೆ ಹೊಟ್ಟೆಗೆ ಹೋಗುತ್ತದೆ, ಅಲ್ಲಿಂದ ರಕ್ತಕ್ಕೆ. ರಕ್ತ ಸೋಸುವುದು ಮೂತ್ರಪಿಂಡದ ಕೆಲಸ. ಆ ಸೀಸವನ್ನು ಸೋಸುತ್ತ ಸೋಸುತ್ತ ವರ್ಷಗಳು ಕಳೆದಂತೆ ಅದೇ ಸಾಯುತ್ತದೆ. ಹೊಗೆಯಿಂದ ಒಳಹೋದದ್ದು ಒಂದು ಪಾಲು, ಕೈಯಿಂದ ಹೋದದ್ದು ಇನ್ನೊಂದು ಪಾಲು.

ವಾರಕ್ಕೆರಡು ಸಲ ತಮ್ಮನ ರಕ್ತವನ್ನು ಯಂತ್ರದಲ್ಲಿ ಸೋಸಿದರು. ಅಷ್ಟು ದಿನವೂ ದುರ್ಗಪ್ಪ ಭಟ್ಟಿಯ ಕಡೆ ತಲೆಹಾಕಲಿಲ್ಲ, ಆಸ್ಪತ್ರೆಯಲ್ಲೇ ಬಿದ್ದಿದ್ದ. ದಿನವೂ ತಮ್ಮನಿಗೆ ಹೇಳಿಬಿಡಬೇಕೆಂದು ಮಂಚದ ಬಳಿ ಕೂರುತ್ತಿದ್ದ, ಹೇಳದೆ ಏಳುತ್ತಿದ್ದ. ನಾಲ್ಕು ತಿಂಗಳಿಗೆ ಭರಮಪ್ಪ ತೀರಿಕೊಂಡ.

ತಮ್ಮನ ಹೆಂಡತಿ ಹೊನ್ನವ್ವನ ಮಡಿಲಲ್ಲಿ ಎರಡು ಮಕ್ಕಳು. ಹೊಟ್ಟೆ ಕೇಳೀತೆ? ಗಂಡನ ಜಾಗಕ್ಕೆ ನಾನೇ ಬರುತ್ತೇನೆ ಎಂದಳು. ಬೇಡವ್ವ ಎಂದ ದುರ್ಗಪ್ಪ. ಯಾಕೆ ಭಾವ ಎಂದಳು. ಅವನು ಮಕ್ಕಳ ತಲೆ ಸವರಿ ಎದ್ದುಹೋದ. ಅವಳು ಬಂದಳು, ಬ್ಯಾಟರಿ ಒಡೆಯಲು ಕೂತಳು. ಅವನೂ ಬೇರೆ ದಾರಿ ಕಾಣದೆ ಭಟ್ಟಿಗೆ ಮರಳಿದ.

ಮೊದಲ ದಿನ ಊಟದ ಗಂಟೆಯಾಯಿತು. ಹನ್ನೊಂದು ಜನ ಕೈ ಒಡ್ಡಿ ನಿಂತರು. ಮೊದಲನೆಯವನಿಗೆ ಹೇಳಿಬಿಡೋಣವೆಂದು ದುರ್ಗಪ್ಪ ಬಾಯಿ ತೆರೆದ. ತಿನ್ನಬೇಡ ಎಂದರೆ ಯಾಕೆಂದು ಹೇಳಬೇಕು. ಯಾಕೆಂದು ಹೇಳಿದರೆ, ತಮ್ಮನ ಬಾಯಿಗೆ ದಿನವೂ ಅದನ್ನು ಇಟ್ಟ ಕೈ ಯಾವುದೆಂದು ಹೊನ್ನವ್ವನ ಎದುರಿಗೇ ಹೇಳಬೇಕು. ಅವನಿಂದಾಗಲಿಲ್ಲ. ಹನ್ನೊಂದು ಜನಕ್ಕೂ ಕೊಟ್ಟ. ಕೊನೆಗೆ ಅವಳು ಬಂದು ನಿಂತಳು. ಅಂಗೈ ಕರ್ರಗಾಗಿತ್ತು. ಅವನು ಬೆಲ್ಲವನ್ನು ಕೈಯಲ್ಲೇ ಹಿಡಿದು ನಿಂತದ್ದು ನೋಡಿ ಅವಳಿಗೇ ಕರುಣೆ ಬಂತು.

"ಕೊಡಿ ಭಾವ, ಸಂಕಟಪಡಬೇಡಿ. ನೀವು ಕೊಡುತ್ತಿದ್ದುದರಿಂದಲೇ ಅವರು ಅಷ್ಟು ದಿನವಾದರೂ ಬದುಕಿದ್ದು" ಎಂದಳು.

ಅವನು ಕೊಟ್ಟ. ಅವಳು ಬಾಯಿಗೆ ಹಾಕಿಕೊಂಡಳು, ಬೆರಳಿಗೆ ಅಂಟಿದ್ದನ್ನೂ ಚೀಪಿದಳು. ಮರುದಿನವೂ ಕೊಟ್ಟ, ಅದರ ಮರುದಿನವೂ ಕೊಟ್ಟ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನ ಕಣ್ಣು ತುಂಬಿತ್ತು. "ಅವನು ತಾನೇ ಏನು ಮಾಡಿಯಾನು ಗುರುಗಳೇ? ಏಳು ವರ್ಷ ತಿಳಿಯದೆ ಕೊಟ್ಟದ್ದನ್ನು ಯಾವ ಬಾಯಲ್ಲಿ ಹೇಳಿಯಾನು?" ಎಂದ.

ಗುರುಗಳು ಹೇಳಿದರು: "ತಿಳಿಯದೆ ಕೊಟ್ಟದ್ದನ್ನು ಅವಳು ಕ್ಷಮಿಸುತ್ತಿದ್ದಳು, ಮಗು, ಅವನು ಕೇಳಲೇ ಇಲ್ಲ."