ಬೋರೇಶನ ಉದ್ದಮೂಗಿನ ಕ್ಯಾಮರಾ

ಊರು ಯಾವುದು ಅಂತ ಮಾತ್ರ ಕೇಳಬೇಡಿ. ಹೇಳಿದರೆ ಆ ಊರಿನವರು ಯಾರಾದರೂ ಇಲ್ಲೇ ಕೂತಿರ್ತಾರೆ, ಆಮೇಲೆ ನನಗೆ ಇವತ್ತು ಊಟ ಹಾಕೋರು ಇರೋದಿಲ್ಲ. ಆ ಊರಲ್ಲಿ ಸಾಕಮ್ಮ ಅಂತ ಒಬ್ಬಳು. ಗಂಡ ತೀರಿಕೊಂಡ ಮೇಲೆ ಹಪ್ಪಳ ಸಂಡಿಗೆ ಮಾಡಿ ಮಾರಿಕೊಂಡು ಇಬ್ಬರು ಮಕ್ಕಳನ್ನ ಸಾಕಿದವಳು. ಮಗಳು ಜಯಶೀಲ ಬಲು ಚೂಟಿ. ಮಗ ಬೋರೇಶ ಒಳ್ಳೆಯವನು, ಹೇಳಿದ ಮಾತು ಮೀರಿದವನೇ ಅಲ್ಲ. ಅವನ ತೊಂದರೆಯೇ ಅದು. ಹಾಲು ಉಕ್ಕೋದನ್ನ ನೋಡ್ತಿರು ಅಂದರೆ, ಉಕ್ಕಿ ಒಲೆ ಆರೋವರೆಗೂ ನೋಡ್ತಾ ಕೂರೋನು. ಇವನನ್ನ ಹೆತ್ತೆ, ಬುದ್ಧಿ ಹೆರೋದು ಮರೆತೆ ಅಂತ ಸಾಕಮ್ಮ ಹಣೆ ಚಚ್ಚಿಕೊಳ್ಳೋಳು.

ಜಯಶೀಲನಿಗೆ ಮದುವೆ ಗೊತ್ತಾಯಿತು. ಗಂಡು ಒಳ್ಳೆಯ ಹುಡುಗ. ಭಾವಮೈದ ಸಪ್ಪಗಿರಬಾರದು ಅಂತ ತನ್ನ ಕ್ಯಾಮರಾ ತಂದು ಬೋರೇಶನ ಕೈಗಿಟ್ಟು, ಮದುವೆ ಫೋಟೋ ಎಲ್ಲ ನಿಂದೇ ಜವಾಬ್ದಾರಿ ಅಂದ. ಕ್ಯಾಮರಾ ಅಂದರೆ ಎಷ್ಟು? ಅಂಗಿ ಜೇಬಿಗೆ ಹಿಡಿಸೋ ಅಷ್ಟು. ಆದರೆ ಗುಂಡಿ ಒತ್ತಿದರೆ ಆಮೆ ಕತ್ತು ಚಾಚಿದ ಹಾಗೆ ಜರ್ ಅಂತ ಮೂಗು ಹೊರಗೆ ಬರೋದು. ಇನ್ನಷ್ಟು ಒತ್ತಿದರೆ ಇನ್ನಷ್ಟು ಉದ್ದ. ಕೆರೆ ಏರಿ ಮೇಲಿನ ಹುಣಸೆಮರ ಹಿಂದುಗಡೆ ಗಾಜಲ್ಲಿ ಬಂದು ನಿಲ್ಲೋದು, ಒಂದೊಂದು ಕಾಯೂ ಕಾಣೋದು. ಬೋರೇಶ ಒಂದು ಕೈಯಲ್ಲಿ ಕ್ಯಾಮರಾ ಹಿಡಿದು ಇನ್ನೊಂದು ಕೈ ಮುಂದಕ್ಕೆ ಚಾಚಿ ಕಾಯಿ ಕೀಳೋಕೆ ಹೋದ. ಗಾಳಿ ಸಿಕ್ಕಿತು. ತೋರಿಸುತ್ತೆ, ಕೊಡಲ್ಲ, ಜಿಪುಣ ಕ್ಯಾಮರಾ ಅಂತ ಭಾವನ ಮುಂದೇನೇ ಅಂದುಬಿಟ್ಟ.

ಸಾಕಮ್ಮನ ಎದೆ ಮೇಲೆ ಕೂತಿದ್ದ ಚಿಂತೆ ಬೇರೆ. ಒಡಹುಟ್ಟಿದ ಅಣ್ಣ ಚನ್ನಿಗಪ್ಪ ಮುನಿಸಿಕೊಂಡಿದ್ದ, ನನ್ನನ್ನ ಒಂದು ಮಾತು ಕೇಳದೆ ಗಂಡು ಗೊತ್ತು ಮಾಡಿದಿರಿ ಅಂತ. ಪಕ್ಕದೂರಿಗೆ ಹೋಗಿ ಎಲೆ ಅಡಿಕೆ ಇಟ್ಟು ಕರೆದು ಬಂದಳು. ನೋಡೋಣ ಅಂದನೇ ಹೊರತು ಬರ್ತೀನಿ ಅನ್ನಲಿಲ್ಲ. ಅವರ ಜನದ ಪದ್ಧತಿ ಪ್ರಕಾರ ಮದುಮಗಳನ್ನ ಸೋದರಮಾವ ಎತ್ತಿಕೊಂಡು ಬಂದು ಹಸೆಮಣೆ ಮೇಲೆ ಕೂರಿಸಬೇಕು. ಜನರ ಮಾತು ಹಾಗಿರಲಿ, ತಂದೆ ಇಲ್ಲದ ಆ ಹುಡುಗೀನ ಹೆಗಲ ಮೇಲೆ ಕೂರಿಸಿಕೊಂಡು ಆಡಿಸಿದವನೇ ಅವನು. ನಮ್ಮಣ್ಣ ನಮಗೆ ದೂರ ಆಗಿಬಿಟ್ಟ ಅಂತ ಸಾಕಮ್ಮ ಹಪ್ಪಳ ಒತ್ತುತ್ತಾ ಒತ್ತುತ್ತಾ ಕಣ್ಣೀರು ಹಾಕೋಳು. ಬೋರೇಶ ಪಕ್ಕದಲ್ಲೇ ಕೂತು ಕೇಳಿಸಿಕೊಳ್ಳೋನು.

ಹೊಸ ವಸ್ತು ಮನೆಗೆ ಬಂದಿದೆ, ಶುಭವಾಗಲಿ ಅಂತ ಸಾಕಮ್ಮ ಕ್ಯಾಮರಾಕ್ಕೆ ಕುಂಕುಮ ಇಟ್ಟು, "ಮೊದಲು ದೇವರ ಫೋಟೋ ತೆಗಿ ಮಗ" ಅಂದಳು. ಹೂಂ ಅಂದ ಬೋರೇಶ. ಅವನು ಹೂಂ ಅಂದರೆ ಮುಗೀತು.

ಸಾಕಮ್ಮ ಹಿತ್ತಲಿಂದ ಬಂದು ನೋಡ್ತಾಳೆ, ದೇವರ ಗೂಡು ಖಾಲಿ. ಗಣೇಶ, ಲಕ್ಷ್ಮಿ, ವೆಂಕಟರಮಣ, ಅಷ್ಟೂ ದೇವರು ಜಗಲಿ ಮೇಲೆ ಒಬ್ಬರ ಮೇಲೊಬ್ಬರು ಮಲಗಿದಾರೆ. ಗೋಡೆ ಮೇಲೆ ಮೊಳೆ ಮಾತ್ರ. ದೇವರ ಫೋಟೋ ಎಲ್ಲ ತೆಗೆದೆ ಅಮ್ಮ, ಮೊಳೇನೂ ತೆಗೀಲಾ ಅಂತ ಕೇಳಿದ. ಕೆನ್ನೆ ಕೆನ್ನೆ ಬಡಿದುಕೊಂಡು ತಪ್ಪಾಯ್ತು ಸ್ವಾಮಿ ಅಂತ ದೇವರಿಗೆ ಹೇಳಿ, ಸಾಕಮ್ಮ ಮಗನಿಗೆ ಬೈದಳು. ತೆಗಿ ಅಂದರೆ ಕೀಳೋದಲ್ಲವೋ, ಎದುರಿಗೆ ನಿಲ್ಲಿಸಿ, ಒಂಚೂರು ನಗಿಸಿ, ಆಮೇಲೆ ಗುಂಡಿ ಒತ್ತಬೇಕು. ಹೂಂ ಅಂದ ಬೋರೇಶ.

ಆ ವಾರವೇ ಎದುರುಮನೆ ನಂಜೇಗೌಡರು ತೀರಿಕೊಂಡರು. ತುಂಬು ವಯಸ್ಸು, ತುಂಬು ಸಂಸಾರ. ಮಿಲಿಟರಿಯಲ್ಲಿದ್ದ ಮೊಮ್ಮಗನಿಗೆ ರಜ ಸಿಗಲಿಲ್ಲ, ಅವನಿಗೆ ಕಳಿಸೋಕೆ ಒಂದು ಫೋಟೋ ತೆಗಿಯಪ್ಪ ಅಂತ ಬೋರೇಶನನ್ನ ಕರೆದರು. ಬೋರೇಶ ಹೋದ. ಗೌಡರನ್ನ ಕುರ್ಚೀಲಿ ಕೂರಿಸಿ ಹಾರ ಹಾಕಿದ್ದರು. ಇವನು ಕ್ಯಾಮರಾ ಹಿಡಿದು, ಕೂರಿಸಿದರೆ ಆಗೋದಿಲ್ಲ, ನಿಲ್ಲಿಸಬೇಕು ಅಂದ. ಯಾರೂ ಏಳಿಸಲಿಲ್ಲ. ಹೋಗಲಿ, ಒಂಚೂರು ನಗಿಸಿ ಅಂದ. ಗೌಡರು ನಗಲಿಲ್ಲ. ಬೋರೇಶ ಬಗ್ಗಿ ಅವರ ಅಂಗಾಲಿಗೆ ಕಚಗುಳಿ ಇಟ್ಟ. ಮೂಲೇಲಿ ಅಳ್ತಿದ್ದ ಸೊಸೆ ಕಿಸಕ್ ಅಂದಳು. ಅವಳನ್ನ ನೋಡಿ ಇನ್ನೊಬ್ಬಳು. ಸೆರಗು ಬಾಯಿಗೆ ತುರುಕಿಕೊಂಡರೂ ನಿಲ್ಲಲಿಲ್ಲ, ಹೆಣದ ಮುಂದೆ ಸಾಲಿಗೆ ಸಾಲೇ ಕುಲುಕುಲು ನಗು.

ಸಾಕಮ್ಮ ಕಿವಿ ಹಿಂಡಿ ಮನೆಗೆ ಎಳಕೊಂಡು ಬಂದಳು. ಜನ ಇರೋ ಕಡೆ ಬಾಯಿ ಬಿಡಬಾರದು, ಯಾರ ಕಣ್ಣಿಗೂ ಬೀಳಬಾರದು, ದೂರ ನಿಂತು ತೆಗೀಬೇಕು, ಅಷ್ಟುದ್ದ ಮೂಗು ಅದಕ್ಕೆ ಸುಮ್ಮನೆ ಕೊಟ್ಟಿದಾರೇನೋ ಅಂದಳು. ಹೂಂ ಅಂದ ಬೋರೇಶ.

ಜಯಶೀಲನ ಬಳೆಶಾಸ್ತ್ರ ಬಂತು. ಮನೆ ತುಂಬ ಹೆಂಗಸರು. ಬಳೆಗಾರ ಬಂದ, ಮದುಮಗಳು ಕೈ ನೀಡಿದಳು, ಬೋರೇಶ ಇಲ್ಲ. ಎಲ್ಲಿ ಅಂತ ಹುಡುಕೋದರೊಳಗೆ ಹಿಂದಿನ ಬೀದೀಲಿ ಗಲಾಟೆ. ಯಾರದೋ ತಾರಸಿ ಮೇಲೆ ನೀರಿನ ಟ್ಯಾಂಕಿನ ಹಿಂದೆ ಒಬ್ಬ ಅವಿತುಕೊಂಡು ಹೆಂಗಸರ ಮೇಲೆ ಏನೋ ಗುರಿ ಇಡ್ತಿದಾನೆ ಅಂತ ಬೀದಿಯವರು ಪೊರಕೆ ಹಿಡಿದು ಹತ್ತಿದ್ದರು. ಏನು ಕೇಳಿದರೂ ಬೋರೇಶ ಬಾಯಿ ಬಿಡಲಿಲ್ಲ, ಅಮ್ಮ ಬಿಡಬೇಡ ಅಂದಿದಾಳಲ್ಲ. ಏಟು ತಿಂದು ಬಂದು ಫೋಟೋ ತೋರಿಸಿದ. ಒಂದರಲ್ಲಿ ಬರೀ ಮೂಗಿನ ಹೊಳ್ಳೆ. ಒಂದರಲ್ಲಿ ಬಳೆಗಾರನ ಕಿವಿ. ಮಿಕ್ಕಿದ್ದೆಲ್ಲ ಕೈ ನಡುಗಿ ಕಲಸಿಹೋದ ಮುದ್ದೆ. ಮೂಗು ಉದ್ದ ಆದಷ್ಟೂ ಅದಕ್ಕೆ ಚಳಿ ಜಾಸ್ತಿ ಅಮ್ಮ ಅಂದ.

ಸಾಕಮ್ಮನಿಗೆ ಬೈಯೋಕೂ ತ್ರಾಣ ಉಳಿದಿರಲಿಲ್ಲ. "ಹತ್ತಿರದವರನ್ನ ಹತ್ತಿರದಿಂದ ತೆಗಿ, ದೂರದವರನ್ನ ದೂರದಿಂದ ತೆಗಿ. ಇನ್ನು ನನ್ನ ತಲೆ ತಿನ್ನಬೇಡ" ಅಂದಳು. ಹೂಂ ಅಂದ ಬೋರೇಶ.

ಮದುವೆ ದಿನ ಬೋರೇಶ ಛತ್ರದ ಬಾಗಿಲಲ್ಲೇ ನಿಂತ. ಬಂದವರಿಗೆಲ್ಲ ಒಂದೇ ಪ್ರಶ್ನೆ, ನೀವು ನಮಗೆ ಹತ್ತಿರದೋರೋ ದೂರದೋರೋ? ಸ್ವಂತ ಚಿಕ್ಕಮ್ಮನ ಮೂಗಿಗೆ ಕ್ಯಾಮರಾ ಮೂಗು ತಾಗಿಸಿ ತೆಗೆದ. ದೂರದ ಸಂಬಂಧ ಅಂದವರನ್ನೆಲ್ಲ ಬೀದಿಯ ಆ ತುದಿಗೆ, ಪಂಕ್ಚರ್ ಅಂಗಡಿ ಮುಂದಕ್ಕೆ ಕಳಿಸಿದ. ರೇಷ್ಮೆ ಪಂಚೆ, ರೇಷ್ಮೆ ಸೀರೆ, ಹತ್ತಿಪ್ಪತ್ತು ಜನ ಬಿಸಿಲಲ್ಲಿ ಸಾಲಾಗಿ ನಿಂತರು, ಇದೇನೋ ಹೊಸ ಪದ್ಧತಿ ಇರಬೇಕು ಅಂದುಕೊಂಡು.

ಒಳಗೆ ಮುಹೂರ್ತ ಹತ್ತಿರವಾಯಿತು. ಮಾವ ಎಲ್ಲಿ, ಮದುಮಗಳನ್ನ ಯಾರು ಎತ್ತಿಕೊಂಡು ಬರ್ತಾರೆ ಅಂತ ಪುರೋಹಿತರು ಕೇಳಿದರು. ಬಾಗಿಲು ನೋಡಿ ನೋಡಿ ಸಾಕಮ್ಮನ ಕಣ್ಣು ಸೋತಿತು. ಆಗ ಬೋರೇಶ ಕ್ಯಾಮರಾ ಹಿಡಿದು ಓಡಿಬಂದ. ಅಮ್ಮ ನೋಡು, ಮಾವನ ಫೋಟೋ ಈ ಸಲ ಕಲಸಿಲ್ಲ ಅಂದ.

ಸಾಕಮ್ಮ ನೋಡಿದಳು. ಚನ್ನಿಗಪ್ಪ. ಕಂಕುಳಲ್ಲಿ ಸೋದರಸೊಸೆಗೆ ತಂದ ಸೀರೆ ಗಂಟು. ಟವಲಿನಿಂದ ಕಣ್ಣು ಒರೆಸಿಕೊಳ್ತಿದಾನೆ. ಮೂಗಿನ ಪಕ್ಕದ ನರುಳ್ಳಿ ಕೂಡ ಕಾಣಿಸ್ತಿದೆ. ಎಲ್ಲಿದಾನೋ ಅಂತ ಕೇಳಿದಳು. ಬಂದಿದ್ದ, ನೀನು ನಮಗೆ ದೂರ ಆಗಿದೀಯಂತೆ, ಅಮ್ಮ ಹೇಳಿದಾಳೆ, ಆ ಕಡೆ ಹೋಗಿ ನಿಲ್ಲು ಅಂದೆ, ಎಲ್ಲರಿಗಿಂತ ದೂರ ಹೋಗಿ ನಿಂತ, ಪಾಪ, ಹೇಳಿದ ಮಾತು ಕೇಳ್ತಾನೆ ಅಂದ ಬೋರೇಶ.

ಸಾಕಮ್ಮ ಬರಿಗಾಲಲ್ಲಿ ಓಡಿದಳು. ಪಂಕ್ಚರ್ ಅಂಗಡಿ ದಾಟಿ, ನಿಂತಿದ್ದ ನೆಂಟರನ್ನ ದಾಟಿ ಓಡಿದಳು. ಚನ್ನಿಗಪ್ಪ ಮೊಪೆಡ್ ಹತ್ತಿ ಕೂತಿದ್ದ. ನೀನು ಹೇಳಿದ್ದನ್ನೇ ತಾನೆ ನಿನ್ನ ಮಗ ಹೇಳಿದ್ದು ಅಂತ ಮುಖ ತಿರುಗಿಸಿದ.

"ನಾನು ಹೇಳಿದ್ದೇ ಅಣ್ಣಯ್ಯ," ಅಂದಳು ಸಾಕಮ್ಮ, ಮೊಪೆಡ್ಡಿನ ಹ್ಯಾಂಡಲ್ ಹಿಡಿದು. "ದೂರ ಆದ್ನಲ್ಲ ಅಂತ ಅತ್ತುಕೊಂಡು ಹೇಳಿದ್ದು. ದೂರ ನಿಲ್ಲಿಸು ಅಂತ ಹೇಳಲಿಲ್ಲ. ನಿನ್ನನ್ನ ಕೇಳದೆ ಗೊತ್ತು ಮಾಡಿದ್ದು ನನ್ನ ತಪ್ಪು. ಬಾ, ನಿನ್ನ ಮಗು ಕಾಯ್ತಿದೆ."

ಚನ್ನಿಗಪ್ಪ ಮೊಪೆಡ್ ಸ್ಟ್ಯಾಂಡ್ ಹಾಕಿದ. ಅಣ್ಣ ತಂಗಿ ಇಬ್ಬರೂ ಮುಖ ಒರೆಸಿಕೊಂಡು ಬಂದರು. ದೂರದ ನೆಂಟರೂ ಫೋಟೋ ಮುಗೀತು ಅಂದುಕೊಂಡು ಹಿಂದೆಯೇ ಬಂದರು.

ಸಾಕಮ್ಮ ಮಗನ ರಟ್ಟೆ ಹಿಡಿದು ಹೇಳಿದಳು. ಮಾವ ಅಕ್ಕನನ್ನ ಎತ್ತಿಕೊಂಡು ಬರೋದು ಒಂದೇ ಒಂದು ಸಲ. ನನಗೆ ಆ ಒಂದು ಫೋಟೋ ಸಾಕು. "ಯಾರನ್ನ ಬಿಟ್ಟರೂ ಮಾವನನ್ನ ಮಾತ್ರ ಬಿಡಬೇಡ."

ಹೂಂ ಅಂದ ಬೋರೇಶ.

ವಾಲಗ ಜೋರಾಯಿತು. ಚನ್ನಿಗಪ್ಪ ಜಯಶೀಲನನ್ನ ಎರಡೂ ಕೈಯಲ್ಲಿ ಎತ್ತಿಕೊಂಡ. ಬೋರೇಶ ಕ್ಯಾಮರಾ ಬಾಳೆಕಂಬದ ಬುಡದಲ್ಲಿಟ್ಟು, ಹೋಗಿ ಮಾವನ ಸೊಂಟ ತಬ್ಬಿಕೊಂಡ. ಮಾವ ಮುಂದೆ ಹೆಜ್ಜೆ ಇಟ್ಟರೆ ಇವನೂ ಇಟ್ಟ. ಬಿಡೋ ಅಂದರು ಪುರೋಹಿತರು, ಬಿಡೋ ಅಂದಳು ಜಯಶೀಲ, ಬಿಡೋ ಅಂತ ಇಡೀ ಛತ್ರ ಕೂಗಿತು. ಅಮ್ಮ ಬಿಡಬೇಡ ಅಂದಿದಾಳೆ ಅಂದ. ಮೂರು ಜನವೂ ಒಂದೇ ಗಂಟಾಗಿ ಹಸೆಮಣೆ ಹತ್ತಿರ ಬಂದರು. ಫೋಟೋ ಒಂದೂ ಇಲ್ಲ. ಸಾಕಮ್ಮ ಬೈಯೋಕೆ ಅಂತ ಬಾಯಿ ತೆರೆದಳು. ಅಣ್ಣ ಹೊಟ್ಟೆ ಅಲುಗೋ ಹಾಗೆ ನಗ್ತಿದ್ದ. ಅದನ್ನ ನೋಡಿ ಸೆರಗಲ್ಲಿ ಮುಖ ಮುಚ್ಚಿಕೊಂಡಳು.

ಧಾರೆ ಆಯಿತು, ಊಟವಾಯಿತು. ಚನ್ನಿಗಪ್ಪ ಬಲಗೈಯಲ್ಲಿ ಹೋಳಿಗೆ ತಿಂದ, ಎಡಗೈ ಬೋರೇಶನ ಹತ್ತಿರವೇ ಇತ್ತು. ಹೆಣ್ಣು ಒಪ್ಪಿಸೋ ಗಡಿಬಿಡಿ, ಅಳು, ನೆಂಟರ ತಾಂಬೂಲ, ಇವುಗಳ ಮಧ್ಯೆ ಮಗನಿಗೆ ಒಂದು ಮಾತು ಹೇಳೋದು ಸಾಕಮ್ಮನಿಗೆ ಮರೆತೇಹೋಯಿತು.

ಮಾರನೆ ದಿನ ಪಕ್ಕದೂರಿಂದ ಚನ್ನಿಗಪ್ಪ ಫೋನ್ ಮಾಡಿದ. "ಸಾಕೀ, ನಿನ್ನ ಮಗ ರಾತ್ರಿಯೆಲ್ಲ ನನ್ನ ಪಕ್ಕೆಗೇ ಅಂಟಿಕೊಂಡಿದ್ದ ಕಣೆ. ಈಗ ಬಾಗಿಲಾಚೆ ಕೂತು ಚಿಲಕ ಹಿಡಿದಿದಾನೆ. ನಾನು ಕಕ್ಕಸಿನ ಒಳಗಿದೀನಿ. ಬಾಗಿಲ ಸಂದೀಲಿ ಫೋನ್ ಅವನಿಗೆ ಕೊಡ್ತೀನಿ, ಬಿಡು ಅಂತ ನೀನೇ ಒಂದು ಮಾತು ಹೇಳೇ."